ಸೆಕೆಂಡ್ ಹ್ಯಾಂಡ್ ಟೆಸ್ಲಾದಲ್ಲಿ ಎಫ್‌ಎಸ್‌ಡಿ ಇದೆ ಎಂದು 4,500 ಡಾಲರ್ ಹೆಚ್ಚು ಕೊಡಬಹುದೇ?

ನೀವು ಕೇಳಿರುವುದು ಇಷ್ಟು: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 2021ರ ಮಾಡೆಲ್ 3 ಲಾಂಗ್ ರೇಂಜ್ ಕಾರು ಎರಡು ನೋಡಿದ್ದೀರಿ. ಓಡಿದ ಮೈಲಿ, ಬಣ್ಣ, ಟೈರಿನ ಸ್ಥಿತಿ ಎಲ್ಲ ಹೆಚ್ಚುಕಮ್ಮಿ ಒಂದೇ. ಒಂದರಲ್ಲಿ ಫುಲ್ ಸೆಲ್ಫ್ ಡ್ರೈವಿಂಗ್ (ಎಫ್‌ಎಸ್‌ಡಿ), ಅಂದರೆ ಚಾಲಕನ ನಿಗಾದಲ್ಲಿ ಕಾರನ್ನು ತಾನೇ ಓಡಿಸುವ ಟೆಸ್ಲಾದ ಸಾಫ್ಟ್‌ವೇರ್, ಇದೆ, ಮಾರುವವರು ಅದಕ್ಕೆಂದೇ 4,500 ಡಾಲರ್ ಹೆಚ್ಚು ಕೇಳುತ್ತಿದ್ದಾರೆ. ದಿನವೂ ಮೌಂಟನ್ ವ್ಯೂ ಆಫೀಸಿಗೆ ಓಡಾಟ. ಕೊಡಬಹುದೇ?

ಬೇಡ. ಎಫ್‌ಎಸ್‌ಡಿ ಇಲ್ಲದ ಕಾರನ್ನೇ ಕೊಳ್ಳಿ. ಬೇಕೆನಿಸಿದ ತಿಂಗಳು 99 ಡಾಲರ್ ಕಟ್ಟಿದರೆ ಅದೇ ಸಾಫ್ಟ್‌ವೇರ್, ಅದೇ ಆವೃತ್ತಿ ಆ ಕಾರಿಗೂ ಬರುತ್ತದೆ. 4,500 ಡಾಲರ್ ಎಂದರೆ 45 ತಿಂಗಳ ಚಂದಾ. ಒಂದು ತಿಂಗಳೂ ಬಿಡದೆ ಮೂರೂಮುಕ್ಕಾಲು ವರ್ಷ ಬಳಸಿದರೆ ಮಾತ್ರ ಆ ದುಡ್ಡು ಹುಟ್ಟುತ್ತದೆ. ಊರಿಗೆ ಹೋಗುವ ತಿಂಗಳು, ಮನೆಯಿಂದಲೇ ಕೆಲಸ ಮಾಡುವ ವಾರಗಳು, ಇವನ್ನೆಲ್ಲ ಕಳೆದರೆ ಲೆಕ್ಕ ಇನ್ನೂ ಹಿಂದೆ ಬೀಳುತ್ತದೆ.

ಆದರೆ ನಾನು ಬೇಡ ಎನ್ನಲು ಮುಖ್ಯ ಕಾರಣ ಈ ಲೆಕ್ಕವಲ್ಲ, ಆ ಕಾರಿನೊಳಗಿನ ಕಂಪ್ಯೂಟರ್. ಅದರಲ್ಲಿರುವುದು 2019ರಿಂದ ಬಂದ ಹಾರ್ಡ್‌ವೇರ್ 3 ಎಂಬ ಕಂಪ್ಯೂಟರ್. ಅದರ ಕ್ಯಾಮೆರಾಗಳು 1.2 ಮೆಗಾಪಿಕ್ಸೆಲ್‌ನವು. 2023ರಲ್ಲಿ ಬಂದ ಹಾರ್ಡ್‌ವೇರ್ 4ರಲ್ಲಿ ಕ್ಯಾಮೆರಾ 5 ಮೆಗಾಪಿಕ್ಸೆಲ್, ಕಂಪ್ಯೂಟರ್ ಕೂಡ ಎಷ್ಟೋ ಪಟ್ಟು ಬಲವಾದದ್ದು. ಎಫ್‌ಎಸ್‌ಡಿಯ 12ನೇ ಆವೃತ್ತಿಯವರೆಗೆ ಎರಡೂ ಜೊತೆಯಾಗಿ ನಡೆದವು. 2024ರ ಡಿಸೆಂಬರ್‌ನಲ್ಲಿ 13ನೆಯದು, 2025ರ ಅಕ್ಟೋಬರ್‌ನಲ್ಲಿ 14ನೆಯದು ಬಂದಾಗ ಅವು ಸಿಕ್ಕಿದ್ದು ಹಾರ್ಡ್‌ವೇರ್ 4ಕ್ಕೆ ಮಾತ್ರ. ಇಂಟರ್‌ನೆಟ್ಟಿನಲ್ಲಿ ಜನ ಬಾಯಿಬಿಟ್ಟುಕೊಂಡು ನೋಡುವ ವಿಡಿಯೋಗಳು, ಪಾರ್ಕಿಂಗ್ ಜಾಗದಿಂದ ಪಾರ್ಕಿಂಗ್ ಜಾಗದವರೆಗೆ ಸ್ಟೀರಿಂಗ್ ಮುಟ್ಟದೆ ಹೋಗುವಂಥವು, ಬಹುತೇಕ ಆ ಹೊಸ ಕಾರುಗಳವು. ಅದನ್ನು ನೋಡಿ ಇದಕ್ಕೆ ದುಡ್ಡು ಕೊಟ್ಟರೆ ನಿರಾಸೆಯಾಗುತ್ತದೆ.

ಮಾರುವವರು ಎರಡು ವಾದ ಮುಂದಿಡುತ್ತಾರೆ, ಎರಡಕ್ಕೂ ಸಿದ್ಧರಾಗಿ ಹೋಗಿ.

ಮೊದಲನೆಯದು, "ಎಫ್‌ಎಸ್‌ಡಿ ಕೊಂಡ ಕಾರಿಗೆ ಕಂಪ್ಯೂಟರ್ ಪುಕ್ಕಟೆಯಾಗಿ ಬದಲಾಯಿಸಿಕೊಡುತ್ತಾರೆ." ಇದು ಪೂರ್ತಿ ಸುಳ್ಳಲ್ಲ. ಹಾರ್ಡ್‌ವೇರ್ 3 ಇಟ್ಟುಕೊಂಡು ಎಫ್‌ಎಸ್‌ಡಿ ಕೊಂಡವರ ಕಂಪ್ಯೂಟರನ್ನು ಬದಲಾಯಿಸಬೇಕಾಗುತ್ತದೆ ಎಂದು ಇಲಾನ್ ಮಸ್ಕ್ 2025ರ ಜನವರಿಯಲ್ಲಿ ಹೂಡಿಕೆದಾರರ ಕರೆಯಲ್ಲಿ ಒಪ್ಪಿಕೊಂಡರು. ಆದರೆ ಯಾವಾಗ, ಯಾವ ಬೋರ್ಡು, ಎರಡನೇ ಮಾಲೀಕನಿಗೂ ಉಂಟೇ ಎಂಬುದಕ್ಕೆ ನಿಮ್ಮ ಕೈಗೆ ಬರುವ ಕಾಗದ ಒಂದೂ ಇಲ್ಲ. ಹಳೆಯ ಚರಿತ್ರೆಯನ್ನೂ ನೋಡಿ. ಎಲ್ಲ ಹೊಸ ಕಾರುಗಳಲ್ಲೂ ಪೂರ್ಣ ಸ್ವಯಂಚಾಲನೆಗೆ ಬೇಕಾದ ಹಾರ್ಡ್‌ವೇರ್ ಇದೆ ಎಂದು ಟೆಸ್ಲಾ ಘೋಷಿಸಿದ್ದು 2016ರ ಅಕ್ಟೋಬರ್‌ನಲ್ಲಿ. ಆಮೇಲೆ 2.5 ಬಂತು, 3 ಬಂತು, 4 ಬಂತು. 2.5ರಿಂದ 3ಕ್ಕೆ ಬದಲಾಯಿಸಿಕೊಟ್ಟದ್ದು ನಿಜ. ಅಲ್ಲಿ ಬೋರ್ಡು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸಬಹುದಿತ್ತು. 3ರಿಂದ 4ಕ್ಕೆ ಕ್ಯಾಮೆರಾಗಳೇ ಬೇರೆ, ಬೋರ್ಡಿನ ಆಕಾರವೂ ಬೇರೆ. ಭರವಸೆಗೆ ಬೆಲೆ ಕಟ್ಟಬೇಡಿ.

ಎರಡನೆಯದು, "ಇನ್ನು ಮುಂದೆ ಒಟ್ಟಿಗೆ ಕೊಳ್ಳಲು ಸಿಗುವುದೇ ಇಲ್ಲ." ಫೆಬ್ರವರಿ 14ರ ನಂತರ ಎಫ್‌ಎಸ್‌ಡಿ ತಿಂಗಳ ಚಂದಾ ರೂಪದಲ್ಲಿ ಮಾತ್ರ ಎಂದು 2026ರ ಜನವರಿಯಲ್ಲಿ ಪ್ರಕಟವಾಯಿತು, ಸಾಮರ್ಥ್ಯ ಹೆಚ್ಚಿದಂತೆ 99 ಡಾಲರ್ ಏರುತ್ತದೆ ಎಂದೂ ಮಸ್ಕ್ ಹೇಳಿದರು. ಹಾಗಾಗಿ ಈಗಾಗಲೇ ಕೊಂಡಿಟ್ಟ ಎಫ್‌ಎಸ್‌ಡಿ ಅಪರೂಪದ ವಸ್ತುವಾಗುತ್ತದೆ ಎಂಬ ಲೆಕ್ಕ. ಹಾರ್ಡ್‌ವೇರ್ 4ರ ಕಾರಿನಲ್ಲಾದರೆ ಈ ಮಾತಿಗೆ ತೂಕವಿದೆ. ಹೊಸ ಆವೃತ್ತಿಗಳು ತಲುಪದ ಕಾರಿನಲ್ಲಿ ಇಲ್ಲ. ಬೆಲೆಯ ಹಾದಿಯನ್ನೂ ಮರೆಯಬೇಡಿ: 2022ರ ಸೆಪ್ಟೆಂಬರ್‌ನಲ್ಲಿ 15,000 ಡಾಲರ್‌ಗೆ ಏರಿದ್ದು 2024ರ ಏಪ್ರಿಲ್‌ಗೆ 8,000ಕ್ಕೆ ಇಳಿಯಿತು, 199 ಡಾಲರ್ ಇದ್ದ ಚಂದಾ 99 ಆಯಿತು.

ಎಫ್‌ಎಸ್‌ಡಿ ಇಲ್ಲದ ಆ ಇನ್ನೊಂದು ಕಾರೂ ಬರಿಗೈಯಲ್ಲಿಲ್ಲ. 2021ರ ಮಾಡೆಲ್ 3 ಎಂದರೆ ಮೂಲ ಆಟೋಪೈಲಟ್ ಜೊತೆಗೇ ಬಂದಿರುತ್ತದೆ: ಮುಂದಿನ ಗಾಡಿಯ ವೇಗಕ್ಕೆ ಹೊಂದಿಕೊಂಡು ಹೋಗುವುದು, ಲೇನಿನ ನಡುವೆ ಉಳಿಯುವುದು. ಹೆದ್ದಾರಿಯ ಸ್ಟಾಪ್ ಆಂಡ್ ಗೋ ಟ್ರಾಫಿಕ್‌ನಲ್ಲಿ ಕಾಲಿನ ನೋವು ತಪ್ಪಿಸುವುದು ಇದೇ. ಎಫ್‌ಎಸ್‌ಡಿ ಇದರ ಮೇಲೆ ಕೊಡುವುದು ತಾನೇ ಲೇನ್ ಬದಲಿಸುವುದು, ಒಂದು ಹೆದ್ದಾರಿಯಿಂದ ಇನ್ನೊಂದಕ್ಕೆ ಇಳಿಯುವುದು, ಊರೊಳಗೆ ಸಿಗ್ನಲ್, ತಿರುವು, ಸ್ಟಾಪ್ ಸೈನ್ ನೋಡಿಕೊಂಡು ಹೋಗುವುದು. ನಿಮ್ಮ ದಾರಿಯಲ್ಲಿ ಎಫ್‌ಎಸ್‌ಡಿ ಮಾತ್ರ ಮಾಡುವ ಈ ಕೆಲಸಗಳ ಪಾಲು ಎಷ್ಟು ಎಂಬುದೇ ಪ್ರಶ್ನೆ.

ನಿಮ್ಮ ದಾರಿಯನ್ನೇ ತೆಗೆದುಕೊಳ್ಳೋಣ. 880 ಹೆದ್ದಾರಿಯಲ್ಲಿ ದಕ್ಷಿಣಕ್ಕೆ, ಮಿಲ್ಪಿಟಸ್ ಹತ್ತಿರ 237 ಹೆದ್ದಾರಿಗೆ ತಿರುಗಿ ಪಶ್ಚಿಮಕ್ಕೆ. ಇದರಲ್ಲಿ ಹೆಚ್ಚು ಭಾಗ ಮೂಲ ಆಟೋಪೈಲಟ್ಟೇ ಮಾಡುವ ಕೆಲಸ. ಬಿಸಿಲಿನ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ: ಬೆಳಿಗ್ಗೆ 237ರಲ್ಲಿ ಸೂರ್ಯ ಬೆನ್ನ ಹಿಂದೆ, ಸಂಜೆ ಮರಳುವಾಗಲೂ ಬೆನ್ನ ಹಿಂದೆ. ಚಳಿಗಾಲದ ಮುಂಜಾನೆ 880ರಲ್ಲಿ ಮಾತ್ರ ಎಡ ಮುಂಭಾಗದಿಂದ ತಗ್ಗಿನ ಬಿಸಿಲು ಹೊಡೆಯುತ್ತದೆ. ಇದನ್ನು ಹೇಳುವುದಕ್ಕೆ ಕಾರಣವಿದೆ. ಈ ಕಾರು ನಂಬಿರುವುದು ಬರೀ ಕ್ಯಾಮೆರಾವನ್ನು. ಉತ್ತರ ಅಮೆರಿಕದ ಮಾಡೆಲ್ 3, ಮಾಡೆಲ್ ವೈಗಳಲ್ಲಿ 2021ರ ಮೇ ತಿಂಗಳಿಂದ ರೇಡಾರ್ ಹಾಕುವುದನ್ನೇ ಬಿಟ್ಟರು. ಕಣ್ಣಿಗೆ ಹೊಡೆಯುವ ಬಿಸಿಲು, ಮಂಜು, ಧೂಳು ಇರುವಾಗ ಆದ ಅಪಘಾತಗಳ ಕುರಿತು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2024ರ ಅಕ್ಟೋಬರ್‌ನಲ್ಲಿ ಸುಮಾರು 24 ಲಕ್ಷ ಕಾರುಗಳ ಮೇಲೆ ತನಿಖೆ ಆರಂಭಿಸಿತು. ಎದುರಿಗೆ ಏನೂ ಇಲ್ಲದಿದ್ದರೂ ತಟ್ಟನೆ ಬ್ರೇಕ್ ಹಾಕುವ ದೂರಿನ ಮೇಲೆ 2022ರಲ್ಲಿ ಶುರುವಾದ ತನಿಖೆಯಲ್ಲಿದ್ದದ್ದು 2021 ಮತ್ತು 2022ರ ಮಾಡೆಲ್ 3, ಮಾಡೆಲ್ ವೈಗಳು. ನೀವು ನೋಡಿರುವುದು ಅದೇ ಸಾಲಿನ ಕಾರು.

ಹೆದ್ದಾರಿ ಬಿಟ್ಟು ಇಳಿದ ಮೇಲೆ ಎಚ್ಚರ ಹೆಚ್ಚು ಬೇಕು. ಸನಿವೇಲ್‌ನ ಮೇರಿ ಅವೆನ್ಯೂ, ಪಾಲೋ ಆಲ್ಟೋದ ಚಾರ್ಲ್ಸ್‌ಟನ್ ರಸ್ತೆಯಂಥ ಕಡೆ ಕ್ಯಾಲ್‌ಟ್ರೇನ್ ಹಳಿ ರಸ್ತೆಯ ಮಟ್ಟದಲ್ಲೇ ದಾಟುತ್ತದೆ. ರೈಲ್ವೆ ಗೇಟಿನಲ್ಲಿ ಎಫ್‌ಎಸ್‌ಡಿ ತಡಬಡಾಯಿಸಿದ ದೂರುಗಳು ಬಂದಿವೆ. ಗೇಟು ಕಾಣುವ ಮೊದಲೇ ಬ್ರೇಕ್ ಮೇಲೆ ಕಾಲಿಡಿ, ಇಲ್ಲವೇ ಎಫ್‌ಎಸ್‌ಡಿಯನ್ನೇ ಬಿಡಿಸಿ. ಹಳದಿ ಶಾಲಾ ಬಸ್ಸು ಸ್ಟಾಪ್ ತೋಳು ಚಾಚಿ ನಿಂತಾಗ, ರಸ್ತೆ ಕಾಮಗಾರಿಯ ಕೋನ್‌ಗಳು ಲೇನನ್ನು ಪಕ್ಕಕ್ಕೆ ತಳ್ಳಿದಾಗ, ಸಿಗ್ನಲ್ ಬಾಣವಿಲ್ಲದೆ ಎಡಕ್ಕೆ ತಿರುಗುವಾಗಲೂ ಹಾಗೆಯೇ. ಕೆಂಪು ಸಿಗ್ನಲ್ ದಾಟುವುದು, ತಪ್ಪು ದಿಕ್ಕಿನ ಲೇನಿಗೆ ನುಗ್ಗುವುದು, ಇವೇ 2025ರ ಅಕ್ಟೋಬರ್‌ನ ಇನ್ನೊಂದು ತನಿಖೆಯ ವಿಷಯ.

ಇನ್ನೊಂದು ಸಣ್ಣ ಖರ್ಚು. 880, 237 ಎರಡರಲ್ಲೂ ಟೋಲ್ ಕಟ್ಟಿ ಹೋಗುವ ಎಕ್ಸ್‌ಪ್ರೆಸ್ ಲೇನ್ ಇವೆ. ಎಲೆಕ್ಟ್ರಿಕ್ ಕಾರುಗಳಿಗೆ ಇಂಥ ಲೇನ್‌ಗಳಲ್ಲಿ ರಿಯಾಯಿತಿ ಕೊಡಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕ್ಲೀನ್ ಏರ್ ಸ್ಟಿಕ್ಕರ್ ಸವಲತ್ತು 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ನ್ಯಾವಿಗೇಶನ್ ಸೆಟ್ಟಿಂಗ್‌ನಲ್ಲಿ ಎಚ್‌ಒವಿ (ಹೆಚ್ಚು ಜನರಿರುವ ಕಾರುಗಳ) ಲೇನ್ ಬಳಕೆಯನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ಕಾರು ತಾನಾಗಿ ಒಳಗೆ ಹೋಗಿ ಟೋಲ್ ನಿಮ್ಮ ಖಾತೆಗೆ ಬೀಳಬಹುದು.

ಹೆಸರಿನಲ್ಲಿ ಏನೇ ಇರಲಿ, 2024ರಿಂದ ಅದರ ಪಕ್ಕದಲ್ಲೇ ಸೂಪರ್‌ವೈಸ್ಡ್ ಎಂಬ ಮಾತು ಸೇರಿದೆ. ಸ್ವಯಂಚಾಲನೆಯನ್ನು ಹಂತಗಳಾಗಿ ವಿಂಗಡಿಸುವ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ವರ್ಗೀಕರಣದಲ್ಲಿ ಇದು 2ನೇ ಹಂತ. ಓಡಿಸುತ್ತಿರುವವರು ನೀವೇ, ಹೊಣೆಯೂ ನಿಮ್ಮದೇ, ಇನ್ಶೂರೆನ್ಸ್ ಏರುವುದೂ ನಿಮ್ಮದೇ. ಚಾಲಕನ ಸೀಟಿನಲ್ಲಿ ಯಾರೂ ಇಲ್ಲದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಓಡುವ ವೇಮೋ ಟ್ಯಾಕ್ಸಿ 4ನೇ ಹಂತದ್ದು, ಅದರೊಂದಿಗೆ ಇದನ್ನು ಹೋಲಿಸಲು ಬರುವುದಿಲ್ಲ. 2019ರ ಫ್ಲೋರಿಡಾ ಅಪಘಾತವೊಂದರಲ್ಲಿ ಚಾಲಕ ಆಟೋಪೈಲಟ್ ಹಾಕಿಕೊಂಡು ಕೆಳಗೆ ಬಿದ್ದ ಫೋನ್ ಹುಡುಕುತ್ತಿದ್ದ. 2025ರ ಆಗಸ್ಟ್‌ನಲ್ಲಿ ಮಯಾಮಿಯ ಫೆಡರಲ್ ಜ್ಯೂರಿ ಟೆಸ್ಲಾಗೆ ಶೇ. 33, ಚಾಲಕನಿಗೆ ಶೇ. 67 ಹೊಣೆ ಹೊರಿಸಿತು. ಕಂಪನಿಗೆ ಬಿದ್ದ ದೊಡ್ಡ ಮೊತ್ತವಷ್ಟೇ ಸುದ್ದಿಯಾಯಿತು, ನೀವು ನೆನಪಿಡಬೇಕಾದದ್ದು ಆ 67. ಹಾಗಾಗಿ ಫೋನ್ ನೋಡುತ್ತ ಹೋಗಬಹುದು ಎಂಬ ಆಸೆಯಿಂದ ದುಡ್ಡು ಕೊಡುವುದಾದರೆ ಖಂಡಿತ ಬೇಡ. ಕನ್ನಡಿಯ ಮೇಲಿನ ಒಳಕ್ಯಾಮೆರಾ ನಿಮ್ಮ ಕಣ್ಣು ಎತ್ತ ನೋಡುತ್ತಿದೆ ಎಂದು ಗಮನಿಸುತ್ತಲೇ ಇರುತ್ತದೆ. ಎಚ್ಚರಿಕೆಗೆ ಸ್ಪಂದಿಸದಿದ್ದರೆ ಒಂದು ಸ್ಟ್ರೈಕ್, ಐದಾದರೆ ಸುಮಾರು ಒಂದು ವಾರ ಎಫ್‌ಎಸ್‌ಡಿ ಬಂದ್.

ಇಷ್ಟೆಲ್ಲ ಕೇಳಿಯೂ ಅದೇ ಕಾರು ಬೇಕೆಂದರೆ, ದುಡ್ಡು ಕೈ ಬದಲಾಗುವ ಮೊದಲು ಕಾರಿನೊಳಗೆ ಕುಳಿತು ಪರದೆಯಲ್ಲಿ ಕಂಟ್ರೋಲ್ಸ್, ಅಲ್ಲಿಂದ ಸಾಫ್ಟ್‌ವೇರ್ ಒತ್ತಿ. ಎಫ್‌ಎಸ್‌ಡಿ ಸಾಲಿನಲ್ಲಿ ಇನ್‌ಕ್ಲೂಡೆಡ್ ಪ್ಯಾಕೇಜ್ ಎಂದಿದ್ದರೆ ಅದು ಕಾರಿಗೆ ಕೊಂಡದ್ದು. ಸಬ್‌ಸ್ಕ್ರಿಪ್ಶನ್ ಎಂದಿದ್ದರೆ ಅದು ಮಾರುವವರ ಚಂದಾ, ಅವರ ಖಾತೆ ಕಳಚಿದ ಕೂಡಲೇ ಹೋಗುತ್ತದೆ. ಆರು ತಿಂಗಳ ಹಿಂದೆ ತೆಗೆದ ಸ್ಕ್ರೀನ್‌ಶಾಟ್ ನಂಬಬೇಡಿ. ಕೆಲವು ಅವಧಿಗಳಲ್ಲಿ ಹೊಸ ಟೆಸ್ಲಾ ಕೊಂಡವರಿಗೆ ಹಳೆಯ ಕಾರಿನ ಎಫ್‌ಎಸ್‌ಡಿಯನ್ನು ಹೊಸದಕ್ಕೆ ವರ್ಗಾಯಿಸಲು ಕಂಪನಿ ಬಿಟ್ಟಿತ್ತು, ಹಾಗೆ ಮಾಡಿದರೆ ಹಳೆಯ ಕಾರಿನಿಂದ ಅದು ಅಳಿಸಿಹೋಗುತ್ತದೆ. ಮಾರುವವರು ಹೊಸ ಟೆಸ್ಲಾ ಬುಕ್ ಮಾಡಿದ್ದಾರೆಯೇ ಎಂದು ನೇರವಾಗಿ ಕೇಳಿ. ಡೀಲರ್ ಹತ್ತಿರವಾದರೆ ಇನ್ನೂ ಜಾಗ್ರತೆ: ಹರಾಜಿನಲ್ಲಿ ಬಂದ ಮಾಡೆಲ್ ಎಸ್ ಒಂದರಿಂದ ಮಾರಾಟದ ನಂತರ ದೂರದಿಂದಲೇ ಈ ಸೌಲಭ್ಯ ತೆಗೆದುಹಾಕಿದ ಪ್ರಕರಣ 2020ರಲ್ಲಿ ಸುದ್ದಿಯಾಗಿತ್ತು, ಗದ್ದಲವಾದ ಮೇಲೆ ಮರಳಿ ಕೊಟ್ಟರು. ಮಾರಾಟ ಪತ್ರದಲ್ಲಿ ಎಫ್‌ಎಸ್‌ಡಿ ಸೇರಿದೆ ಎಂದು ಬರೆಸಿಕೊಳ್ಳಿ, ಟೆಸ್ಲಾ ಆ್ಯಪ್‌ನಲ್ಲಿ ಮಾಲೀಕತ್ವ ನಿಮ್ಮ ಹೆಸರಿಗೆ ಬಂದು ಅದೇ ಸಾಲು ಮತ್ತೆ ಕಾಣುವವರೆಗೆ ಪೂರ್ತಿ ಹಣ ಬಿಡಬೇಡಿ.

ಅದೇ ಸಾಫ್ಟ್‌ವೇರ್ ಪರದೆಯಲ್ಲಿ ಅಡಿಶನಲ್ ವೆಹಿಕಲ್ ಇನ್‌ಫರ್ಮೇಶನ್ ಒತ್ತಿದರೆ ಯಾವ ಕಂಪ್ಯೂಟರ್ ಎಂದು ತಿಳಿಯುತ್ತದೆ. ಅಮೆರಿಕದಲ್ಲಿ ಮಾಡೆಲ್ 3ಕ್ಕೆ ಹಾರ್ಡ್‌ವೇರ್ 4 ಬಂದದ್ದು 2024ರ ಹೊಸ ವಿನ್ಯಾಸದೊಂದಿಗೆ. 2023ರ ಮಾಡೆಲ್ ವೈ ಆದರೆ ಎರಡರಲ್ಲಿ ಯಾವುದೂ ಇರಬಹುದು. ಹೊರಗಿನಿಂದ ನೋಡಿದರೆ ಹಾರ್ಡ್‌ವೇರ್ 4ರ ಕ್ಯಾಮೆರಾ ಗಾಜು ಕೆಂಪು ಛಾಯೆಯಲ್ಲಿ ಹೊಳೆಯುತ್ತದೆ. ಅಂಥ ಕಾರಿನಲ್ಲಿ ಕೊಂಡಿಟ್ಟ ಎಫ್‌ಎಸ್‌ಡಿ ಇದ್ದು, ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಓಡಾಟವಿದ್ದು, ಆ ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವವರಿಗೆ 4,500 ಡಾಲರ್ ನನ್ನ ಪ್ರಕಾರ ನ್ಯಾಯವಾದ ಬೆಲೆ. ದಣಿವು ಕಡಿಮೆಯಾಗುವುದು ನಿಜವಾದ ಲಾಭ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಚಂದಾ ತೆಗೆದುಕೊಂಡು ನೋಡುವುದಾದರೆ ಮೊದಲು ಕ್ಯಾಮೆರಾ ಸರಿಮಾಡಿಕೊಳ್ಳಿ. ಮುಂಗಾಜಿನ ಒಳಭಾಗದಲ್ಲಿ, ಕ್ಯಾಮೆರಾ ಡಬ್ಬಿಯ ಒಳಗೆ, ಕಾರಿನ ಪ್ಲಾಸ್ಟಿಕ್ಕಿನಿಂದ ಹೊರಟ ಆವಿ ಕಾಲಕ್ರಮೇಣ ತೆಳು ಪೊರೆಯಾಗಿ ಕೂರುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಎದುರು ಬಿಸಿಲಿಗೆ ಚಿತ್ರವೆಲ್ಲ ಬೆಳ್ಳಗಾಗುವುದಕ್ಕೆ ಹಲವು ಸಲ ಇದೇ ಕಾರಣ. ಸರ್ವಿಸ್‌ನವರಿಗೆ ಹೇಳಿ ಬಿಚ್ಚಿಸಿ ಒರೆಸಿಸಿ. ಬಾಗಿಲ ಕಂಬದ ಮತ್ತು ಹಿಂದಿನ ಕ್ಯಾಮೆರಾಗಳನ್ನು ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ನೀವೇ ಒರೆಸಬಹುದು. ಮುಂಗಾಜು ಹಿಂದೆ ಬದಲಾಗಿದ್ದರೆ ಸರ್ವಿಸ್ ಮೆನುವಿನಿಂದ ಕ್ಯಾಮೆರಾ ಕ್ಯಾಲಿಬ್ರೇಶನ್ ಮತ್ತೆ ಹಾಕಿ, ಲೇನ್ ಗೆರೆ ಸ್ಪಷ್ಟವಿರುವ ರಸ್ತೆಯಲ್ಲಿ 20ರಿಂದ 25 ಮೈಲಿ ಓಡಿಸಿದರೆ ಸಾಮಾನ್ಯವಾಗಿ ಮುಗಿಯುತ್ತದೆ. ಆಮೇಲೆ ಆತುರವಿಲ್ಲದೆ ಓಡಿಸುವ ಚಿಲ್ ಪ್ರೊಫೈಲ್‌ನಲ್ಲಿ, ಆಫೀಸಿನ ಒಂದೇ ದಾರಿಯಲ್ಲಿ ತಿಂಗಳು ಪೂರ್ತಿ ಓಡಿಸಿ, ನೀವು ಕೈ ಹಾಕಬೇಕಾದ ಜಾಗಗಳನ್ನು ಬರೆದಿಡಿ. ಅವೇ ಎರಡು ಮೂರು ಜಾಗ ಮರುಕಳಿಸಿದರೆ ಅಲ್ಲಿ ಮೊದಲೇ ಬಿಡಿಸಿ ಬದುಕಬಹುದು. ದಿನಕ್ಕೊಂದು ಹೊಸ ಜಾಗದಲ್ಲಿ ಎಡವಿದರೆ ನೀವೇ ಓಡಿಸುವುದಕ್ಕಿಂತ ದಣಿವು ಹೆಚ್ಚು. ಆಗ ಚಂದಾ ನಿಲ್ಲಿಸಿ, ಕಟ್ಟಿದ ತಿಂಗಳು ಮುಗಿಯುವವರೆಗೆ ಸೌಲಭ್ಯ ಇರುತ್ತದೆ.

ಬೆಂಗಳೂರಿನಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ಒಂದು ಮಾತು: 2025ರ ಜುಲೈನಲ್ಲಿ ಮುಂಬೈಯಲ್ಲಿ ಟೆಸ್ಲಾ ಮಳಿಗೆ ತೆರೆದಾಗ ಮಾಡೆಲ್ ವೈಗೆ ಎಫ್‌ಎಸ್‌ಡಿ ಆಯ್ಕೆಯ ಬೆಲೆ 6 ಲಕ್ಷ ರೂಪಾಯಿ ಇಟ್ಟಿದ್ದರು, ಆದರೆ ಆ ಸೌಲಭ್ಯ ಭಾರತದ ರಸ್ತೆಯಲ್ಲಿ ಆಗ ಬಳಕೆಗೆ ತೆರೆದಿರಲಿಲ್ಲ. ಮುಂದೆಂದೋ ಬರುವುದಕ್ಕೆ ಇಂದೇ ಹಣ ಕಟ್ಟಬೇಡಿ.

ನಿಮ್ಮ ಚೌಕಾಸಿಗೆ ನಾನು ಹೇಳುವ ಮಿತಿ 1,500 ಡಾಲರ್. ಹಾರ್ಡ್‌ವೇರ್ 3ರ ಎಫ್‌ಎಸ್‌ಡಿಗೆ ಅದಕ್ಕಿಂತ ಹೆಚ್ಚು ಕೊಡಬೇಡಿ. ಮಾರುವವರು ಒಪ್ಪದಿದ್ದರೆ ಇನ್ನೊಂದು ಕಾರು ಹೇಗೂ ಇದೆ, ಉಳಿದ ದುಡ್ಡಿನಲ್ಲಿ ನಾಲ್ಕು ಹೊಸ ಟೈರು ಹಾಕಿಸಿ.