ಓದುಗರ ಪ್ರಶ್ನೆ, ವೈದ್ಯರ ಉತ್ತರ: ತೆಂಗಿನೆಣ್ಣೆ, ಕೊಲೆಸ್ಟರಾಲ್ ಮತ್ತು ಹೃದಯ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಇಪ್ಪತ್ತು ವರ್ಷಗಳಿಂದ ಪುಣೆಯ ಚಿಂಚವಾಡದಲ್ಲಿದ್ದರೂ ಅಡುಗೆಗೆ ಊರಿನಿಂದ ತರಿಸಿದ ತೆಂಗಿನೆಣ್ಣೆಯೇ ಆಗಬೇಕು. ನನ್ನ ಯಜಮಾನರಿಗೆ 51 ವರ್ಷ. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟರಾಲ್ 238, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 38, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 210, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 158 ಎಂದು ಬಂದಿದೆ. ಡಿಸೆಂಬರಿನ ಚಳಿಗೆ ನಮ್ಮ ಎಣ್ಣೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಪಕ್ಕದ ಮನೆಯವರು ಅದನ್ನು ತೋರಿಸಿ, ರಕ್ತನಾಳದಲ್ಲೂ ಹೀಗೆಯೇ ಹೆಪ್ಪುಗಟ್ಟುತ್ತದೆ ಎನ್ನುತ್ತಾರೆ. ಅತ್ತೆಯವರು ಮಾತ್ರ ತಮ್ಮ ಮಾವನವರು ಇದೇ ಎಣ್ಣೆ ತಿಂದು ತೊಂಬತ್ತು ದಾಟಿದರೆಂದು ಹಟ ಹಿಡಿದಿದ್ದಾರೆ. ಯಾರ ಮಾತು ಸರಿ?
– ಗೃಹಿಣಿ, ಚಿಂಚವಾಡ

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಮೈಯ ಶಾಖ 37 ಡಿಗ್ರಿ. ಅಲ್ಲದೆ, ತಿಂದ ಎಣ್ಣೆ ಎಣ್ಣೆಯಾಗಿಯೇ ರಕ್ತನಾಳಕ್ಕೆ ಇಳಿಯುವುದಿಲ್ಲ, ಕರುಳಿನಲ್ಲಿ ಪಿತ್ತರಸದ ನೆರವಿನಿಂದ ಒಡೆದು ಬೇರೆ ರೂಪ ತಾಳುತ್ತದೆ. ಆದ್ದರಿಂದ ನಾಳದೊಳಗೆ ಹೆಪ್ಪುಗಟ್ಟುವ ಭಯ ಬೇಡ. ಆದರೆ ಡಬ್ಬಿಯಲ್ಲಿ ಅದು ಗಟ್ಟಿಯಾಗುವುದಕ್ಕೆ ಕಾರಣವಾದ ಗುಣವನ್ನು ಮಾತ್ರ ಅಲಕ್ಷಿಸುವಂತಿಲ್ಲ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಪರ್ಯಾಪ್ತ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಫ್ಯಾಟ್. ತುಪ್ಪದಲ್ಲಿ ಅದು ಶೇಕಡಾ 60ರ ಮೇಲಿದೆ. ಶೇಂಗಾ ಎಣ್ಣೆಯಲ್ಲಿ ಸುಮಾರು ಐದರಲ್ಲೊಂದು ಪಾಲು, ಕುಸುಬೆ ಎಣ್ಣೆಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ.

ಇದರ ಪರಿಣಾಮ ಮೊದಲು ಕಾಣಿಸುವುದು ಯಕೃತ್ತಿನಲ್ಲಿ. ಯಕೃತ್ತಿನ ಜೀವಕೋಶಗಳ ಮೈಮೇಲೆ ರಕ್ತದಲ್ಲಿ ತೇಲುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಅವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತಾಡುತ್ತದೆ, ವರ್ಷಗಟ್ಟಲೆ ನಾಳದ ಗೋಡೆಯೊಳಕ್ಕೆ ನುಸುಳಿ ಅಲ್ಲಿ ಗಡ್ಡೆ ಕಟ್ಟುತ್ತದೆ. ಆ ಗಡ್ಡೆಯ ಮೇಲ್ಪದರ ಎಂದೋ ಒಂದು ದಿನ ಬಿರಿದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟುವುದೇ ಹೃದಯಾಘಾತಕ್ಕೆ ಮುಖ್ಯ ಕಾರಣ.

ಇನ್ನು ಅತ್ತೆಯವರ ಮಾತು. ಅವರ ಮಾವನವರು ಗದ್ದೆಗೂ ಪೇಟೆಗೂ ನಡೆದೇ ಹೋಗಿಬಂದಿರಬೇಕು. ಅವರ ಊಟದಲ್ಲಿ ಕಾಯಿ ತುರಿದು ಹಾಕಿದ ಹುಳಿ ಇತ್ತೇ ಹೊರತು ಸಂಜೆಯ ಖಾರಿ ಬಿಸ್ಕತ್ತು, ಫರಸಾಣ ಇರಲಿಲ್ಲ. ಜೊತೆಗೆ, ತೊಂಬತ್ತು ದಾಟಿದವರ ಫೋಟೋ ಗೋಡೆಯ ಮೇಲಿರುತ್ತದೆ, ಐವತ್ತಕ್ಕೇ ಎದೆ ಹಿಡಿದುಕೊಂಡು ಹೋದವರ ಲೆಕ್ಕವನ್ನು ಮನೆಯಲ್ಲಿ ಯಾರೂ ಇಟ್ಟಿರುವುದಿಲ್ಲ. ಹಾಗೆಂದು ಎಲ್ಲ ತಪ್ಪನ್ನೂ ಡಬ್ಬಿಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಇತರ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆಯಿಂದ ಎಲ್‌ಡಿಎಲ್ ಪ್ರತಿ ಡೆಸಿಲೀಟರಿಗೆ ಸರಾಸರಿ 10 ಮಿಲಿಗ್ರಾಂನಷ್ಟು, ಎಚ್‌ಡಿಎಲ್ 4 ಮಿಲಿಗ್ರಾಂನಷ್ಟು ಏರುತ್ತದೆ. ಎಣ್ಣೆಯೊಂದನ್ನೇ ಬದಲಿಸಿದರೆ 158 ಇದ್ದದ್ದು 100ಕ್ಕೆ ಇಳಿಯದು.

ನಿಮ್ಮ ವರದಿಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು 210 ಮತ್ತು 38ರ ಮೇಲೆ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ: ಇದು ನಮ್ಮವರಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಜೋಡಿ. ಇದರ ಹಿಂದೆ ಸಾಮಾನ್ಯವಾಗಿ ಬಿಳಿ ಅನ್ನ, ಮೈದಾ, ಸಕ್ಕರೆ, ಮದ್ಯ, ಹೊಟ್ಟೆಯ ಬೊಜ್ಜು, ಕುಳಿತೇ ಮಾಡುವ ಕೆಲಸ ಇವುಗಳಲ್ಲಿ ಒಂದೆರಡಾದರೂ ಇರುತ್ತವೆ. ಆದ್ದರಿಂದ ತೆಗೆದದ್ದರ ಜಾಗಕ್ಕೆ ಏನು ಬಂತು ಎಂಬುದೇ ಇಲ್ಲಿ ಮುಖ್ಯ. ತೆಂಗಿನೆಣ್ಣೆ ಬಿಟ್ಟು ಇನ್ನೊಂದು ಸೌಟು ಅನ್ನ ಬಡಿಸಿದರೆ ಹೃದಯಕ್ಕೆ ಲಾಭವಿಲ್ಲ. ಆ ಜಾಗಕ್ಕೆ ಶೇಂಗಾ, ಕುಸುಬೆ ಅಥವಾ ಎಳ್ಳಿನ ಎಣ್ಣೆ ಬಂದರೆ ಲಾಭವಿದೆ. ಕಾಯಿಸುವುದಕ್ಕೆ, ಒಗ್ಗರಣೆಗೆ ಇವನ್ನು ಬಳಸಿ, ಪಲ್ಯ ಇಳಿಸಿದ ಮೇಲೆ ಒಂದು ಚಮಚ ತೆಂಗಿನೆಣ್ಣೆ ಪರಿಮಳಕ್ಕೆಂದು ಹಾಕಿದರೆ ಅತ್ತೆಯವರ ಮನಸ್ಸೂ ಉಳಿದೀತು. ಎಲ್ಲ ಎಣ್ಣೆ ಸೇರಿ ತಲೆಗೆ ತಿಂಗಳಿಗೆ ಅರ್ಧ ಲೀಟರು ಸಾಕು. ಕಾಳು, ಮೆಂತ್ಯ, ಬಾರ್ಲಿ, ಓಟ್ಸ್‌ಗಳ ಕರಗುವ ನಾರು ಎಲ್‌ಡಿಎಲ್ ಅನ್ನು ತುಸು ತಗ್ಗಿಸುತ್ತದೆ.

ಅಂದಹಾಗೆ, ಆ 158 ಅಳೆದು ಬಂದ ಸಂಖ್ಯೆಯಲ್ಲ, ಲೆಕ್ಕ ಹಾಕಿದ್ದು: 238ರಲ್ಲಿ 38 ಕಳೆದು, 210ರ ಐದನೇ ಒಂದು ಪಾಲಾದ 42ನ್ನೂ ಕಳೆದರೆ ಸರಿಯಾಗಿ 158 ಸಿಗುತ್ತದೆ. ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುವುದರಿಂದ, ಅದರ ಜೊತೆಗೆ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ ಇದ್ದರೆ ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಆಗಿದ್ದರೆ ನಿಮ್ಮ ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬರೆದಾರು. ಪಥ್ಯವೊಂದೇ ಸಾಕೆಂದು ಅದನ್ನು ತಾವಾಗಿ ನಿಲ್ಲಿಸುವುದು ತಪ್ಪು.

ಪ್ರಶ್ನೆ: ವಸಯಿಯ ಕಾರ್ಖಾನೆಯೊಂದರಲ್ಲಿ ನಾನು ಕ್ಯಾಂಟೀನ್ ನಡೆಸುತ್ತೇನೆ. ಬಟಾಟೆವಡೆ ಕರಿದು ಉಳಿದ ಎಣ್ಣೆಗೆ ಮರುದಿನ ಹೊಸ ಎಣ್ಣೆ ಸೇರಿಸುತ್ತೇವೆ. ಟಿನ್ನಿನ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆದಿರುವಾಗ ಭಯವೇಕೆ?
– ಕ್ಯಾಂಟೀನ್ ಮಾಲೀಕ, ವಸಯಿ

ಉತ್ತರ: ಆ ಬರಹ ನಿಜ, ಆದರೆ ಅದರಿಂದ ಪ್ರಯೋಜನವಿಲ್ಲ. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ, ವನಸ್ಪತಿಯಲ್ಲೂ ಇಲ್ಲ. ಆದರೂ ಎಣ್ಣೆಯನ್ನು ಗಟ್ಟಿ ಮಾಡಿ ವನಸ್ಪತಿ ತಯಾರಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸಿ ಎಚ್‌ಡಿಎಲ್ ಅನ್ನು ಇಳಿಸುವ, ಎಲ್ಲ ಕೊಬ್ಬುಗಳಲ್ಲಿ ಅತಿ ಕೆಟ್ಟ ಕೊಬ್ಬು. ಈ ಕಾರಣಕ್ಕೇ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿಯನ್ನು ಶೇಕಡಾ 2ಕ್ಕೆ ಇಳಿಸಲಾಗಿದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಗೂ ಕಾನೂನು ಇದೆ: ಎಣ್ಣೆ ಕಾದು ಕೆಟ್ಟಂತೆಲ್ಲ ಅದರಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಒಟ್ಟು ಶೇಕಡಾ 25 ಮೀರಿದರೆ ಅದನ್ನು ಬಳಸುವಂತಿಲ್ಲ. ಅಳೆಯುವ ಉಪಕರಣ ಇಲ್ಲದಿದ್ದರೆ ಬಾಣಲೆಯನ್ನೇ ಗಮನಿಸಿ. ನೊರೆ ಎದ್ದು ಬೇಗ ಇಳಿಯದಿದ್ದರೆ, ಎಣ್ಣೆ ಕಪ್ಪಾಗಿ ಸೌಟಿನಿಂದ ಪಾಕದಂತೆ ಇಳಿದರೆ, ಮೊದಲಿಗಿಂತ ಕಡಿಮೆ ಉರಿಗೇ ಹೊಗೆ ಬಂದರೆ ಅದರ ಆಯುಷ್ಯ ಮುಗಿದಿದೆ ಎಂದರ್ಥ. ಹೊಸ ಎಣ್ಣೆ ಸೇರಿಸಿದರೆ ಹಳೆಯದು ಸುಧಾರಿಸುವುದಿಲ್ಲ, ಹೊಸದೇ ಬೇಗ ಕೆಡುತ್ತದೆ. ಬಳಸಿದ ಎಣ್ಣೆಯನ್ನು ಜೈವಿಕ ಡೀಸೆಲ್ಲಿಗೆಂದು ಕೊಳ್ಳುವವರಿದ್ದಾರೆ, ಅಂಥವರಿಗೆ ಕೊಡಿ.

ಪ್ರಶ್ನೆ: ನಾನು ಗದಗಿನವ, ವಾಸ್ಕೋದಲ್ಲಿ ನೌಕರಿ. ಇಲ್ಲಿಗೆ ಬಂದ ಮೇಲೆ ಸೀಗಡಿಯ ರುಚಿ ಹತ್ತಿದೆ. ಸೀಗಡಿಯಲ್ಲೂ ಮೊಟ್ಟೆಯ ಹಳದಿಯಲ್ಲೂ ಕೊಲೆಸ್ಟರಾಲ್ ತುಂಬಿದೆಯೆಂದು ಗೆಳೆಯರು ಹೆದರಿಸುತ್ತಾರೆ.
– ಓದುಗ, ವಾಸ್ಕೋ

ಉತ್ತರ: ಕೊಲೆಸ್ಟರಾಲ್ ಇರುವುದು ನಿಜ, ಒಂದು ಮೊಟ್ಟೆಯಲ್ಲೇ ಸುಮಾರು 185 ಮಿಲಿಗ್ರಾಂ ಇರುತ್ತದೆ. ಆದರೆ ರಕ್ತದಲ್ಲಿನ ಕೊಲೆಸ್ಟರಾಲಿನ ಬಹುಪಾಲನ್ನು ದೇಹವೇ ತಯಾರಿಸುತ್ತದೆ, ಹೊರಗಿನಿಂದ ಹೆಚ್ಚು ಬಂದಾಗ ಹೆಚ್ಚಿನವರಲ್ಲಿ ತನ್ನ ತಯಾರಿಕೆಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸೀಗಡಿಯಲ್ಲಿ ಪರ್ಯಾಪ್ತ ಕೊಬ್ಬು ತೀರ ಕಡಿಮೆ. ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ, ವಾರಕ್ಕೆರಡು ಬಾರಿ ಸೀಗಡಿ ಅಪಾಯಕಾರಿಯಲ್ಲ. ಸಕ್ಕರೆ ಕಾಯಿಲೆ ಇರುವವರು, ವಂಶಪಾರಂಪರ್ಯವಾಗಿ ಎಲ್‌ಡಿಎಲ್ ಹೆಚ್ಚಿರುವವರು ಹಳದಿಯನ್ನು ಮಿತಗೊಳಿಸಬೇಕು. ನಾನಾದರೆ ಸೀಗಡಿಗಿಂತ ಅದಕ್ಕೆ ಮೆತ್ತಿದ ರವೆ ಎಷ್ಟು ಎಣ್ಣೆ ಕುಡಿದಿದೆ ಎಂದು ನೋಡುತ್ತೇನೆ.