ಮೊಳಕಾಲ್ಮುರು ಆಂಧ್ರದಲ್ಲಿಲ್ಲ ಕಣೇ

ಮೊನ್ನೆ ಫೋನಿನಲ್ಲಿ ನೀನು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದೆ. "ನಿಮ್ಮೂರು ಹೇಗೂ ಆಂಧ್ರ ಇದ್ದಂಗೇ ಅಲ್ವಾ, ಮಗಳು ಹೈದರಾಬಾದಲ್ಲಿ ಓದಿದ್ರೆ ಅದೇನು ಹೊರರಾಜ್ಯ?" ಅಂತ ಒಂದು. "ಇಪ್ಪತ್ತು ವರ್ಷದ ಹುಡುಗಿಗೆ ಹೆಲ್ತ್ ಇನ್ಶೂರೆನ್ಸ್ ಯಾಕೆ?" ಅಂತ ಇನ್ನೊಂದು. ಆಗ ಕುಕ್ಕರ್ ಕೂಗುತ್ತಿತ್ತು, ನಕ್ಕು ಫೋನ್ ಇಟ್ಟೆ. ಈಗ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ. ಸರಿ, ಸ್ವಲ್ಪ ಸಿಟ್ಟೂ ಇದೆ ಅಂತಲೇ ಇಟ್ಟುಕೋ.

ಮೊಳಕಾಲ್ಮುರು ಚಿತ್ರದುರ್ಗ ಜಿಲ್ಲೆ. ಆದರೆ ನಮಗೆ ದುರ್ಗಕ್ಕಿಂತ ಬಳ್ಳಾರಿ ಹತ್ತಿರ, ಅದಕ್ಕಿಂತ ರಾಯದುರ್ಗ ಹತ್ತಿರ. ಆ ರಾಯದುರ್ಗವೂ ಮೊದಲು ಬಳ್ಳಾರಿ ಜಿಲ್ಲೆಯದೇ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಮೂರೂ ಆಂಧ್ರದ ಪಾಲಾದವು. ನೆಂಟಸ್ತಿಕೆಗಳು ಯಾರ ಪಾಲಿಗೂ ಹೋಗದೆ ಇದ್ದಲ್ಲೇ ಉಳಿದವು. ನಮ್ಮ ಅತ್ತಿಗೆಯ ತವರು ಅಲ್ಲೇ. ಹೊಲದ ಆ ಅಂಚಿಗೆ ಹೋದರೆ ಫೋನ್ ಒಳಗಿನ ಹುಡುಗಿ ತೆಲುಗಿಗೆ ತಿರುಗುತ್ತಾಳೆ, ಬದುವಿನ ಈಚೆ ಬಂದರೆ ಮತ್ತೆ ಕನ್ನಡ. ಸಂತೆಯಲ್ಲಿ ಬೆಲೆ ಕೇಳುವುದು ಒಂದು ಭಾಷೆ, ಚೌಕಾಸಿ ಇನ್ನೊಂದು ಭಾಷೆ. ಇದು ಇವತ್ತಿನ ಕಥೆಯೂ ಅಲ್ಲ. ನಮ್ಮ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಚಪಡ ಇದ್ದಾನಲ್ಲ, ಪೂರ್ತಿ ಶಾಸನ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತಾನು ಲಿಪಿಕಾರ ಅನ್ನುವ ಒಂದು ಪದವನ್ನು ಮಾತ್ರ ದೂರದ ವಾಯವ್ಯ ಸೀಮೆಯ ಲಿಪಿ ಖರೋಷ್ಠಿಯಲ್ಲಿ ಹಾಕಿ ಹೋಗಿದ್ದಾನೆ. ಒಂದೇ ಕಾಗದಕ್ಕೆ ಎರಡು ಲಿಪಿ ನಮ್ಮ ಸೀಮೆಗೆ ಅಷ್ಟು ಹಳೇ ಚಾಳಿ.

ಬಸ್ಸಿಗೆ, ಬೀಗರಿಗೆ, ನಾವು ನೇಯುವ ರೇಷ್ಮೆ ಸೀರೆಗೆ ಗಡಿ ಅಂತ ಇಲ್ಲ. ಗಡಿ ಇರುವುದು ಕಾಗದಕ್ಕೆ. ರಾಂಪುರ ದಾಟಿ ಬಳ್ಳಾರಿ ಜಿಲ್ಲೆಗೆ ಕಾಲಿಟ್ಟರೆ 371ಜೆ ಸೌಲಭ್ಯ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಓದಿನಲ್ಲಿ, ಕೆಲಸದಲ್ಲಿ ಮೀಸಲಾತಿ, ಅದೇ ಬಿಸಿಲು ಅದೇ ಶೇಂಗಾ ಇರುವ ನಮಗೆ ಇಲ್ಲ. ಅದನ್ನು ಶುರು ಮಾಡಿದರೆ ಇವತ್ತು ಮುಗಿಯಲ್ಲ, ಬಿಡು.

ಇನ್ಶೂರೆನ್ಸ್ ವಿಷಯಕ್ಕೆ ಬರುತ್ತೇನೆ. ಮಗಳು ಬಿ.ಫಾರ್ಮಾ ಓದುತ್ತಿರುವುದು ಹೈದರಾಬಾದಿನಲ್ಲಿ. 2014ರಲ್ಲಿ ತೆಲಂಗಾಣ ಬೇರೆಯಾಗುವ ಮುಂಚೆ ಆಗಿದ್ದರೆ ಒಂದು ಗಡಿ, ಈಗ ಎರಡು. "ಸರ್ಕಾರದ ಕಾರ್ಡ್ ಇದೆಯಲ್ಲ" ಅಂದೆ ನೀನು. ನಮ್ಮದು ಎಪಿಎಲ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ನಮ್ಮಂಥವರಿಗೆ ಪ್ಯಾಕೇಜ್ ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ 30% ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಅದನ್ನು ನಂಬಿಕೊಂಡು ಮಗಳನ್ನು ಎರಡು ರಾಜ್ಯದ ಆಚೆ ಬಿಡೋಕಾಗುತ್ತಾ? ಕಾಲೇಜಿನವರು ಫೀಸಿನ ಜೊತೆ ಒಂದು ವಿಮೆ ಹಣ ತಗೊಂಡಿದ್ದರು, ಓದಿ ನೋಡಿದರೆ ಅದು ಅಪಘಾತಕ್ಕೆ ಮಾತ್ರ. ಹಾಸ್ಟೆಲ್ ಮಕ್ಕಳಿಗೆ ಬರುವುದು ಟೈಫಾಯಿಡ್, ಡೆಂಗಿ, ಕಾಮಾಲೆ. ಇವು ಯಾವುವೂ ಅಪಘಾತ ಅಲ್ವಲ್ಲ.

ಮನೆಯವರ ಜೊತೆ ಫ್ಲೋಟರ್ ಪಾಲಿಸಿಯಲ್ಲಿ, ಅಂದರೆ ಮನೆಮಂದಿಗೆಲ್ಲ ಸೇರಿ ಒಂದೇ ಮೊತ್ತ ಇರುವುದರಲ್ಲಿ, ಸೇರಿಸಬಹುದಿತ್ತು. ಆದರೆ ಅದರಲ್ಲಿ ಮನೆಯ ಹಿರಿಯರ ವಯಸ್ಸು ನೋಡಿ ಕಂತು ಹಾಕುತ್ತಾರೆ, ನಮ್ಮ ಯಜಮಾನರಿಗೆ ಸಕ್ಕರೆ ಬೇರೆ. ವರ್ಷದ ನಡುವೆ ಅವರೇ ಆಸ್ಪತ್ರೆ ಸೇರಿದರೆ ಮೊತ್ತವೆಲ್ಲ ಅಲ್ಲೇ ಖಾಲಿ. ಅದಕ್ಕೆ 2024ರ ಅಕ್ಟೋಬರಿನಲ್ಲಿ ಅವಳ ಹೆಸರಿಗೇ 5 ಲಕ್ಷದ್ದು ಬೇರೆ ಮಾಡಿಸಿದೆ. ಆ ವಯಸ್ಸಿಗೆ ಕಂತೂ ಕಮ್ಮಿ. ರೂಮ್ ಬಾಡಿಗೆಗೆ ಮಿತಿ ಇರಬಾರದು ಅಂತ ಒಂದು ಹಟ ಹಿಡಿದೆ. ಮಿತಿ ದಾಟಿದ ರೂಮು ತಗೊಂಡರೆ ಬಾಡಿಗೆ ಮಾತ್ರ ಅಲ್ಲ, ಡಾಕ್ಟರ ಫೀಸೂ ಅದೇ ಲೆಕ್ಕದಲ್ಲಿ ಕಡಿಯುತ್ತಾರೆ. ಇದೆಲ್ಲ ಸರಿಯಾಗೇ ನೋಡಿದ್ದೆ.

ನೋಡದೇ ಇದ್ದದ್ದು ಪಿನ್ ಕೋಡ್.

ಫಾರ್ಮ್ ತುಂಬುವಾಗ ಏಜೆಂಟ್ ಹುಡುಗ, "ಅಕ್ಕ, ಮನೆ ವಿಳಾಸವೇ ಹಾಕಿ, ಕಂತು ಇನ್ನೂ ಇಳಿಯುತ್ತೆ" ಅಂದ. ಹಾಕಿದೆ. ಯಾಕೆ ಇಳಿಯುತ್ತೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಂಪನಿಗಳು ದೇಶವನ್ನು ವಲಯಗಳಾಗಿ ಹಂಚಿಕೊಂಡಿರುತ್ತವೆ. ದೊಡ್ಡ ಊರು ಮೇಲಿನ ವಲಯ, ನಮ್ಮಂಥ 577ರ ಪಿನ್ ಕೋಡ್‌ಗಳು ಕೆಳಗಿನದು. ಕೆಳಗಿನ ವಲಯದ ಕಂತು ಕಟ್ಟಿ ಮೇಲಿನ ವಲಯದ ಆಸ್ಪತ್ರೆಯಲ್ಲಿ ಮಲಗಿದರೆ ಬಿಲ್ಲಿನಲ್ಲಿ ಒಂದು ಪಾಲು ನಮ್ಮ ತಲೆಗೆ, ಅದಕ್ಕೆ ಕೋ-ಪೇ ಅಂತಾರೆ. ನಮ್ಮ ಪಾಲಿಸಿಯಲ್ಲಿ ಅದು 20%. ಎಲ್ಲಾ ಪಾಲಿಸಿಯಲ್ಲೂ ಹೀಗಿರಲ್ಲ, ನಮ್ಮದರಲ್ಲಿ ಇತ್ತು.

ಹೋದ ವರ್ಷ ಆಗಸ್ಟಿನಲ್ಲಿ ಅವಳಿಗೆ ಟೈಫಾಯಿಡ್. ರಾತ್ರಿ ಬಸ್ಸಿನಲ್ಲಿ ಹೋದೆ. ಕೌಂಟರಿನ ಹುಡುಗಿ ನನ್ನ ತೆಲುಗು ಕೇಳಿ ಖುಷಿಯಾಗಿ, ಆಧಾರ್ ನೋಡಿ, "ಕರ್ಣಾಟಕಾನಾ? ತೆಲುಗು ಬಾಗಾ ಮಾಟ್ಲಾಡ್ತುನ್ನಾರೇ" ಅಂದಳು, ತೆಲುಗು ಚೆನ್ನಾಗಿ ಮಾತಾಡ್ತೀರಲ್ಲ ಅಂತ. ನೀನು ಆಂಧ್ರದವಳು ಅಂತೀಯ, ಅವಳು ಕರ್ನಾಟಕದವಳು ಅಂತಾಳೆ. ಡಿಸ್ಚಾರ್ಜ್ ದಿನ ಮೂರು ಗಂಟೆಯೊಳಗೆ ಕಂಪನಿ ಒಪ್ಪಿಗೆ ಕೊಡಬೇಕು ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮ ಇದೆ, ಅದರ ಪ್ರಕಾರ ಬೇಗನೇ ಬಂತು. ಜೊತೆಗೆ ಒಂದು ಚೀಟಿ. ಬಿಲ್ 62,400. ಗ್ಲೌಸು, ಕಾಟನ್ನು, ಅದು ಇದು ಅಂತ 3,400 ಕೊಡಲ್ಲ. ಉಳಿದ 59,000ದಲ್ಲಿ ವಲಯದ ಕೋ-ಪೇ 11,800. ಒಟ್ಟು 15,200 ನೀವು ಕಟ್ಟಿ. ಒಂದು ಸೀರೆಯ ದುಡ್ಡು ಕಣೇ ಅದು. ಮಗಳು ಪಕ್ಕದಲ್ಲಿ ಕಿತ್ತಳೆ ಸಿಪ್ಪೆ ಸುಲಿಯುತ್ತಾ "ಅಮ್ಮ, ಬಿಡು" ಅಂತಿದ್ದಳು.

ಊರಿಗೆ ಬಂದು ಸಹಾಯವಾಣಿಗೆ ಫೋನ್ ಮಾಡಿದೆ. ವಿಳಾಸ ಬದಲಿಸಿ ಅಂದರು. ಯಾವ ದಾಖಲೆ ಅಂದರೆ ಆಧಾರ್. ಹಾಸ್ಟೆಲ್ ಪತ್ರ ನಡೆಯಲ್ಲ. ಆಧಾರ್ ಹೈದರಾಬಾದಿಗೆ ಬದಲಿಸಿದರೆ ನಾಳೆ ಇಲ್ಲಿ ಸ್ಕಾಲರ್‌ಶಿಪ್ಪಿಗೆ, ಕೆಲಸದ ಅರ್ಜಿಗೆ "ನೀವು ಎಲ್ಲಿಯವರಮ್ಮ" ಅಂತ ಇನ್ನೊಂದು ಕಿಟಕಿ. ಮೊದಲೇ ನಮ್ಮ ಮಾತು ಕೇಳಿ ಅರ್ಧ ಜನ ಹಾಗೆ ಕೇಳುತ್ತಾರೆ. ನಾನೇ ಬರೆದುಕೊಡಬೇಕಾ, ಹೌದು ನಮ್ಮ ಹುಡುಗಿ ಇಲ್ಲಿಯವಳಲ್ಲ ಅಂತ? ಒಂದು ತಿಂಗಳು ಫೋನಿನಲ್ಲೇ ಕಳೆದೆ. ಪ್ರತಿ ಸಲ ಹೊಸ ದನಿ, ಪ್ರತಿ ಸಲ ಮೊಳಕಾಲ್ಮುರು ಅನ್ನುವುದನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಕೆಲಸ.

ನವೀಕರಣದ ಹೊತ್ತಿಗೆ ಇನ್ನೊಬ್ಬ ಅಧಿಕಾರಿ ಸಿಕ್ಕರು. "ವಿಳಾಸ ಯಾಕೆ ಬದಲಿಸ್ತೀರಿ ಮೇಡಂ, ವಲಯದ ವ್ಯತ್ಯಾಸದ ಕಂತು ಕಟ್ಟಿ, ಕೋ-ಪೇ ಹೋಗುತ್ತೆ" ಅಂದರು. ಅಷ್ಟೇ! ಈ ದಾರಿ ಮೊದಲ ದಿನದಿಂದಲೂ ಇತ್ತಂತೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿ ಮೇಲಿನ 18% ಜಿಎಸ್‌ಟಿ ತೆಗೆದರಲ್ಲ, ಅಲ್ಲಿ ಉಳಿದದ್ದು ಇಲ್ಲಿ ಹೋಯಿತು. ನಿನ್ನ ಮಗ ಪುಣೆಗೆ ಹೋಗುತ್ತಾನೆ ಅಂದೆಯಲ್ಲ, ಸಹಿ ಹಾಕುವ ಮುಂಚೆ ವಲಯ ಯಾವುದು ಅಂತ ಕೇಳು. ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗಲ್ಲ, ಅದಕ್ಕೆ ಕಾಲೇಜು ಶುರುವಾಗುವ ಮುಂಚೆಯೇ ಮಾಡಿಸಿಬಿಡು.

ಹೊಸ ಪಾಲಿಸಿ ಬಂತು. ಮಗಳ ಹೆಸರು ಸರಿ, ವಲಯ ಸರಿ, ಪಿನ್ ಕೋಡ್ ಸರಿ. ಕೆಳಗೆ ರಾಜ್ಯ ಅನ್ನುವಲ್ಲಿ ಆಂಧ್ರಪ್ರದೇಶ ಅಂತ ಅಚ್ಚಾಗಿದೆ. ತಿದ್ದುಪಡಿಗೆ ಅರ್ಜಿ ಹಾಕಿದ್ದೇನೆ.