ಎಳೆಬಿಸಿಲಿಗೆ ಕೂತರೂ ವಿಟಮಿನ್ ಡಿ ಕಡಿಮೆ ಯಾಕೆ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿದ್ದೇನೆ, ಮನೆಯಿಂದಲೇ ಕೆಲಸ. ದಿನಾ ಬೆಳಿಗ್ಗೆ 7ಕ್ಕೆ ಗಾಜು ಹಾಕಿಸಿದ ಬಾಲ್ಕನಿಯಲ್ಲಿ ಬಿಸಿಲಿಗೆ ಕೂರುತ್ತೇನೆ. ಸಸ್ಯಾಹಾರಿ. ರಾಗಿಮುದ್ದೆ, ಹಾಲು, ಮೊಸರು ತಪ್ಪಿಸುವುದಿಲ್ಲ. ಆದರೂ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಬರೀ 11 ಬಂದಿದೆ. ಎಲ್ಲಿ ಎಡವಟ್ಟಾಯಿತು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕಾಳಜಿ ಮಾಡಿಲ್ಲ ಅಂತಲ್ಲ. ಗಾಜು ಮತ್ತು ಹೊತ್ತು, ಇವೆರಡು ಅಡ್ಡ ಬಂದಿವೆ.

ಬಿಸಿಲಿನ ಯುವಿ-ಬಿ ಕಿರಣ ಚರ್ಮಕ್ಕೆ ತಾಗಿದಾಗ, ಅಲ್ಲಿರುವ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತು ವಿಟಮಿನ್ ಡಿ ಆಗುತ್ತದೆ. ಆಮೇಲೆ ಲಿವರ್ ಮತ್ತು ಕಿಡ್ನಿ ಅದನ್ನು ಬಳಸುವ ಹದಕ್ಕೆ ತರುತ್ತವೆ. ಕಿಟಕಿಯ ಗಾಜು ಈ ಕಿರಣವನ್ನು ಹೆಚ್ಚೂಕಡಿಮೆ ಪೂರ್ತಿ ತಡೆಯುತ್ತದೆ. ಮೈ ಬೆಚ್ಚಗಾಗುತ್ತದೆ, ಅಷ್ಟೇ.

ಎಳೆಬಿಸಿಲು ಒಳ್ಳೆಯದು ಅಂತ ಮನೆಯ ಹಿರಿಯರು ಹೇಳುತ್ತಾರೆ, ಅಲ್ವಾ? ಅದು ಹಿತ, ನಿಜ. ಆದರೆ 7 ಗಂಟೆಗೆ ಸೂರ್ಯ ಓರೆಯಾಗಿರುತ್ತಾನೆ. ಬೆಳಕು ಗಾಳಿಯ ಪದರದಲ್ಲಿ ಜಾಸ್ತಿ ದೂರ ಸಾಗಬೇಕು, ಯುವಿ-ಬಿ ಬಹುಪಾಲು ದಾರಿಯಲ್ಲೇ ಮುಗಿದುಹೋಗುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತು ನೋಡಿಕೊಳ್ಳಿ. ಬೆಂಗಳೂರಿನಲ್ಲಿ 11ರಿಂದ 2ರವರೆಗೆ ಅಂದುಕೊಳ್ಳಿ. ಊಟಕ್ಕೆ ಮುಂಚೆ ಟೆರೇಸ್ ಮೇಲೆ 20 ನಿಮಿಷ ಓಡಾಡಿ, ಕೈಕಾಲಿಗೆ ಬಿಸಿಲು ಬೀಳಲಿ. ಮೈಬಣ್ಣ ಗಾಢವಾಗಿದ್ದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಚರ್ಮ ಉರಿಯುವ ತನಕ ನಿಲ್ಲಬೇಡಿ. ಬಿಸಿಲಿಗೆ ಅಲರ್ಜಿ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಇನ್ನು ಮುದ್ದೆ. ಅದನ್ನು ಬಿಡಲೇಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಕರುಳು ಆ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಅದು ರಾಗಿಯಲ್ಲಿಲ್ಲ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿಯಲ್ಲಿ ಸಿಗುತ್ತದೆ, ಮೊಟ್ಟೆಯ ಹಳದಿಯಲ್ಲಿ ಒಂದಿಷ್ಟು. ನಿಮಗೆ ವಿಟಮಿನ್ ಡಿ ಸೇರಿಸಿದ ಹಾಲು ಒಂದು ದಾರಿ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ. ಇನ್ನೊಂದು ಅಣಬೆ. ಹೆಚ್ಚಿದ ಅಣಬೆಯನ್ನು ಅಡುಗೆಗೆ ಮುಂಚೆ ಅರ್ಧ ಗಂಟೆ ಮಧ್ಯಾಹ್ನದ ಬಿಸಿಲಿಗಿಡಿ. ನಮ್ಮ ಚರ್ಮದ ಹಾಗೆ ಅಣಬೆಯೂ ಬಿಸಿಲಿನಲ್ಲಿ ವಿಟಮಿನ್ ಡಿ ತಯಾರಿಸುತ್ತದೆ!

ಆದರೆ ರಕ್ತಪರೀಕ್ಷೆಯ ಅಂಕಿ (ಒಂದು ಮಿಲಿಲೀಟರ್ ರಕ್ತಕ್ಕೆ ಇಷ್ಟು ನ್ಯಾನೋಗ್ರಾಂ ಎಂಬ ಲೆಕ್ಕದಲ್ಲಿ) 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. 11 ಅಂದರೆ ಬಿಸಿಲು, ಊಟ ಎರಡನ್ನೇ ನಂಬಿ ಕೂರುವುದು ಬೇಡ. ವೈದ್ಯರು ಸಾಮಾನ್ಯವಾಗಿ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ಅನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ. ವಾರಕ್ಕೊಂದು, ದಿನಕ್ಕೊಂದಲ್ಲ. ಬಿಸಿಲಿನಿಂದ ವಿಟಮಿನ್ ಡಿ ಅತಿಯಾಗುವುದಿಲ್ಲ, ಮಾತ್ರೆಯಿಂದ ಆಗುತ್ತದೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳಬಹುದು. ಮೂರು ತಿಂಗಳ ನಂತರ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.